ಬಂಕಿನ ಚೀಟಿ, ಹಸಿರು ಫಲಕ, ರೈಲೇರಿದ ಲಾರಿ: ಸಾರಿಗೆ ನೀತಿಯೊಳಗೆ ಪರಿಸರ ಸೇರುವುದು ಹೇಗೆ?

ಪೆಟ್ರೋಲ್ ಬಂಕಿನಲ್ಲಿ ಸರದಿಗೆ ನಿಂತಾಗ ಪಂಪಿನ ಮೇಲೆ ‘ಇ20’ ಎಂಬ ಚೀಟಿ ಕಾಣುತ್ತದೆ. ಈ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್, ಅಂದರೆ ಕಬ್ಬು ಮುಂತಾದ ಬೆಳೆಗಳಿಂದ ತೆಗೆದ ಇಂಧನ, ಬೆರೆತಿದೆ ಎಂದು ಅರ್ಥ. ನಿಮ್ಮ ಮುಂದೆ ನಿಂತಿರುವ ಹೊಸ ಬೈಕಿನ ಆರ್‌ಸಿ ಕಾರ್ಡ್ ತೆಗೆದು ನೋಡಿದರೆ ‘ಭಾರತ್ ಸ್ಟೇಜ್ 6’, ಅಂದರೆ ಹೊಗೆಯ ಮಿತಿಯ ಆರನೇ ಹಂತ, ಎಂದು ಬರೆದಿರುತ್ತದೆ. ಬಂಕಿಗೆ ಬರುವ ಅಗತ್ಯವೇ ಇಲ್ಲದೆ ರಸ್ತೆಯಲ್ಲಿ ಸದ್ದಿಲ್ಲದೆ ಹಾದುಹೋದ ಸ್ಕೂಟರಿಗೆ ಹಸಿರು ಬಣ್ಣದ ನಂಬರ್ ಪ್ಲೇಟ್ ಇರುತ್ತದೆ.

ಈ ಮೂರೂ ನಮ್ಮ ದಿನನಿತ್ಯದೊಳಗೆ ಬಂದದ್ದು ಒಂದೇ ಕಾರಣಕ್ಕೆ. ದೇಶದ ಸಾರಿಗೆ ನೀತಿಯಲ್ಲಿ ಪರಿಸರದ ಗುರಿಗಳನ್ನು ಸೇರಿಸುವ ಪ್ರಯತ್ನ ಕಳೆದ ಎರಡೂವರೆ ದಶಕಗಳಿಂದ ನಡೆಯುತ್ತಿದೆ. ಆದರೆ ಬಂದ ಬಾಗಿಲುಗಳು ಬೇರೆ ಬೇರೆ. ಎಥನಾಲ್ ವಿಚಾರ ಪೆಟ್ರೋಲಿಯಂ ಸಚಿವಾಲಯದ್ದು, ಹೊಗೆಯ ಮಾನದಂಡ ರಸ್ತೆ ಸಾರಿಗೆ ಸಚಿವಾಲಯದ್ದು, ವಿದ್ಯುತ್ ವಾಹನದ ಸಹಾಯಧನ ಭಾರಿ ಕೈಗಾರಿಕೆ ಸಚಿವಾಲಯದ್ದು. 2025ರಲ್ಲಿ ಇ20 ಬಗ್ಗೆ ದೇಶದಾದ್ಯಂತ ಎದ್ದ ಪ್ರಶ್ನೆಗಳಿಗೆ, ಮೈಲೇಜ್ ಇಳಿಯಿತೇ, ಹಳೆಯ ಗಾಡಿ ಹಾಳಾಗುತ್ತದೆಯೇ ಎಂಬ ಆತಂಕಗಳಿಗೆ ಉತ್ತರ ಬೇಕಿದ್ದರೆ, ಒಂದು ಹೆಜ್ಜೆ ಹಿಂದೆ ಸರಿದು ಇಡೀ ಚಿತ್ರವನ್ನು ನೋಡಬೇಕಾಗುತ್ತದೆ.

ಹೊಗೆಯಲ್ಲಿ ಎರಡು ಬಗೆ

‘ವಾಹನ ಮಾಲಿನ್ಯ’ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಸಂಗತಿಗಳನ್ನು ಸೇರಿಸಿಬಿಡುತ್ತೇವೆ. ಗೊಂದಲ ಹುಟ್ಟುವುದು ಅಲ್ಲಿಯೇ.

ಮೊದಲನೆಯದು ಮೂಗಿಗೆ, ಕಣ್ಣಿಗೆ, ಎದೆಗೆ ತಾಕುವ ಹೊಗೆ. ಮಸಿಯ ಸೂಕ್ಷ್ಮ ಕಣಗಳು, ಸಾರಜನಕದ ಆಕ್ಸೈಡುಗಳು, ಗಂಧಕದ ಅನಿಲ ಈ ಗುಂಪಿಗೆ ಸೇರುತ್ತವೆ. ಇವುಗಳ ಕೇಡು ಬೀಳುವುದು ಆ ರಸ್ತೆಯ ಪಕ್ಕದಲ್ಲಿ ಬದುಕುವವರ ಮೇಲೆ: ಸಿಗ್ನಲ್ಲಿನಲ್ಲಿ ನಿಲ್ಲುವ ಸಂಚಾರ ಪೊಲೀಸರು, ಫುಟ್‌ಪಾತಿನಲ್ಲಿ ಹೂ ಮಾರುವವರು, ಶಾಲೆಗೆ ನಡೆದುಹೋಗುವ ಮಕ್ಕಳು.

ಎರಡನೆಯದು ಇಂಗಾಲದ ಡೈಆಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದವರಿಗೆ ಕೆಮ್ಮು ಬರುವುದಿಲ್ಲ. ಆದರೆ ಇದು ವಾತಾವರಣದಲ್ಲಿ ಶತಮಾನಗಳ ಕಾಲ ಉಳಿದು ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ, ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋ ಮಾತ್ರ. ಅದರಿಂದ ಎರಡು ಕಿಲೋಗೂ ಹೆಚ್ಚು ಅನಿಲ ಹೇಗೆ ಬಂತು ಎಂದು ಕೇಳುವುದು ಸಹಜ. ಉರಿಯುವಾಗ ಪೆಟ್ರೋಲಿನಲ್ಲಿರುವ ಇಂಗಾಲದ ಪ್ರತಿ ಪರಮಾಣು ಗಾಳಿಯಿಂದ ಎರಡು ಆಮ್ಲಜನಕದ ಪರಮಾಣುಗಳನ್ನು ಎಳೆದುಕೊಳ್ಳುತ್ತದೆ. ಇಂಗಾಲದ ಪಾಲು 12 ಆದರೆ ಸೇರಿಕೊಳ್ಳುವ ಆಮ್ಲಜನಕದ ಪಾಲು 32. ತೂಕದಲ್ಲಿ ಹೆಚ್ಚಿನದು ಗಾಳಿಯಿಂದಲೇ ಬಂದದ್ದು.

ಇವೆರಡರ ಜೊತೆಗೆ ಮೂರನೆಯ ಸಂಗತಿಯೊಂದು ಇದೆ. ಅದು ನೆಲ. ರಸ್ತೆ, ಹಳಿ, ವಿಮಾನ ನಿಲ್ದಾಣಗಳು ಕಾಡು, ಕೆರೆ, ಹೊಲಗಳನ್ನು ತಿನ್ನುತ್ತವೆ. ಹೊಗೆಯನ್ನು ಮಾತ್ರ ಲೆಕ್ಕ ಹಾಕಿ ಕುಳಿತರೆ ಈ ನಷ್ಟ ಪುಸ್ತಕಕ್ಕೇ ಬರುವುದಿಲ್ಲ. ಈ ಮಾತಿಗೆ ಕೊನೆಯಲ್ಲಿ ಮರಳುತ್ತೇನೆ.

ಇಂಧನದಿಂದ ಹೊಮ್ಮುವ ಭಾರತದ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಸಾರಿಗೆಯ ಪಾಲು ಸುಮಾರು ಎಂಟರಲ್ಲೊಂದು ಭಾಗ. ಅದರಲ್ಲಿ ಶೇ 90ರಷ್ಟು ರಸ್ತೆಯದೇ. 2021ರ ನವೆಂಬರಿನಲ್ಲಿ ಗ್ಲಾಸ್ಗೊ ಹವಾಮಾನ ಸಮ್ಮೇಳನದಲ್ಲಿ ಭಾರತ 2070ರ ಹೊತ್ತಿಗೆ ‘ನಿವ್ವಳ ಶೂನ್ಯ’ ತಲುಪುವುದಾಗಿ ಹೇಳಿತು. ಅಂದರೆ, ಹೊರಬಿಡುವ ಇಂಗಾಲ ಮತ್ತು ಕಾಡು ಮುಂತಾದವು ಹೀರಿಕೊಳ್ಳುವ ಇಂಗಾಲ ಸಮನಾಗಬೇಕು. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಆಮದಿನದು. ಹಾಗಾಗಿ ಸಾರಿಗೆಯ ತೈಲದ ಹಸಿವನ್ನು ತಗ್ಗಿಸುವುದರ ಹಿಂದೆ ಪರಿಸರದಷ್ಟೇ ಖಜಾನೆಯ ಚಿಂತೆಯೂ ಇದೆ.

ಎರಡು ಇಲಾಖೆಗಳು ಒಂದೇ ದಿನ ಬದಲಾದಾಗ

ಮೊದಲ ಬಗೆಯ ಹೊಗೆಯ ಮೇಲೆ ಭಾರತ ಸಾಧಿಸಿದ್ದು ಸಣ್ಣದಲ್ಲ. ಸೀಸ ಬೆರೆತ ಪೆಟ್ರೋಲನ್ನು 2000ದ ಫೆಬ್ರುವರಿಯಲ್ಲಿ ದೇಶದಾದ್ಯಂತ ನಿಲ್ಲಿಸಲಾಯಿತು. 1998ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಂತೆ ದೆಹಲಿಯ ಸಾರ್ವಜನಿಕ ಬಸ್ಸುಗಳೆಲ್ಲ 2002ರ ಕೊನೆಯ ಹೊತ್ತಿಗೆ ಡೀಸೆಲ್ ಬಿಟ್ಟು ಸಿಎನ್‌ಜಿಗೆ ತಿರುಗಿದವು.

‘ಭಾರತ್ ಸ್ಟೇಜ್’ ಎನ್ನುವುದು ವಾಹನದ ಹೊಗೆಕೊಳವೆಯಿಂದ ಯಾವ ವಿಷ ಎಷ್ಟು ಹೊರಬರಬಹುದು ಎಂಬುದರ ಮಿತಿ. ಸಂಖ್ಯೆ ಏರಿದಂತೆ ಮಿತಿ ಬಿಗಿಯಾಗುತ್ತದೆ. 2017ರ ಏಪ್ರಿಲಿನಲ್ಲಿ ದೇಶವೆಲ್ಲ ನಾಲ್ಕನೇ ಹಂತಕ್ಕೆ ಬಂತು. ಐದನ್ನು ಬಿಟ್ಟು 2020ರ ಏಪ್ರಿಲಿನಲ್ಲಿ ನೇರವಾಗಿ ಆರಕ್ಕೆ ಜಿಗಿಯಿತು.

ಈ ಜಿಗಿತವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಪರಿಸರವನ್ನು ನೀತಿಯಲ್ಲಿ ‘ಬೆಸೆಯುವುದು’ ಎಂದರೇನು ಎಂಬುದಕ್ಕೆ ನನಗೆ ತಿಳಿದಂತೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ. ಹೊಸ ವಾಹನಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಸೋಸುಕವೂ ವಿಷಾನಿಲವನ್ನು ನಿರುಪದ್ರವಿ ಅನಿಲವಾಗಿ ಮಾರ್ಪಡಿಸುವ ಲೋಹದ ಲೇಪವೂ ಇರುತ್ತವೆ. ಇಂಧನದಲ್ಲಿ ಗಂಧಕ ಹೆಚ್ಚಿದ್ದರೆ ಅದು ಹೋಗಿ ಆ ಲೇಪಕ್ಕೆ ಅಂಟಿಕೊಳ್ಳುತ್ತದೆ. ಜರಡಿಯ ಕಣ್ಣುಗಳಿಗೆ ಹಸಿ ಹಿಟ್ಟು ಮೆತ್ತಿಕೊಂಡರೆ ಎಷ್ಟು ಆಡಿಸಿದರೂ ಪ್ರಯೋಜನವಿಲ್ಲವಷ್ಟೆ, ಹಾಗೆ. ಆದ್ದರಿಂದ ವಾಹನ ತಯಾರಕರಿಗೆ ಮಾತ್ರ ಕಟ್ಟಳೆ ಹಾಕಿದ್ದರೆ ಸಾಲುತ್ತಿರಲಿಲ್ಲ. ತೈಲ ಶುದ್ಧೀಕರಣ ಘಟಕಗಳು ಇಂಧನದ ಗಂಧಕವನ್ನು ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿಸಬೇಕಿತ್ತು. ಅದೇ ದಿನಾಂಕಕ್ಕೆ ಹೊಸ ಎಂಜಿನ್ನುಗಳು ಸಿದ್ಧವಾಗಬೇಕಿತ್ತು. ಹೊಸ ಇಂಧನ ದೇಶದ ಮೂಲೆಯ ಬಂಕಿಗೂ ತಲುಪಬೇಕಿತ್ತು. 2016ರ ಜನವರಿಯಲ್ಲಿ ಘೋಷಣೆಯಾಗಿ ನಾಲ್ಕು ವರ್ಷಗಳಲ್ಲಿ ಕೆಲಸ ಮುಗಿಯಿತು. ಎರಡು ಸಚಿವಾಲಯಗಳು ಒಂದೇ ದಿನಾಂಕವನ್ನು ಒಪ್ಪಿಕೊಂಡದ್ದೇ ಇದರ ಗುಟ್ಟು.

ಆದರೆ ಭಾರತ್ ಸ್ಟೇಜ್ ಇಂಗಾಲದ ಡೈಆಕ್ಸೈಡನ್ನು ಅಳೆಯುವುದಿಲ್ಲ. ಅದಕ್ಕೆ ಕಾರುಗಳ ಮಟ್ಟಿಗೆ ಬೇರೆಯೇ ನಿಯಮವಿದೆ. ಒಂದು ಕಂಪನಿ ವರ್ಷದಲ್ಲಿ ಮಾರಿದ ಎಲ್ಲ ಕಾರುಗಳ ಸರಾಸರಿ ಇಷ್ಟು ಗ್ರಾಮನ್ನು ಮೀರಬಾರದು ಎಂಬ ಮಿತಿ ಅದು. 2017–18ರಿಂದ ಕಿಲೋಮೀಟರಿಗೆ 130 ಗ್ರಾಂ ಇದ್ದದ್ದು 2022–23ರಿಂದ 113 ಗ್ರಾಮಿಗೆ ಇಳಿಯಿತು. ಸರಾಸರಿಯಾದ್ದರಿಂದ ಕಂಪನಿಯು ದೊಡ್ಡ ಗಾಡಿಗಳನ್ನು ಮಾರಬಹುದು, ಆದರೆ ಅದಕ್ಕೆ ಸರಿದೂಗುವಷ್ಟು ಮಿತವ್ಯಯದ ಅಥವಾ ವಿದ್ಯುತ್ ಕಾರುಗಳನ್ನೂ ಮಾರಬೇಕು.

ತಪ್ಪಿಸು, ಬದಲಿಸು, ಸುಧಾರಿಸು

ಸಾರಿಗೆ ತಜ್ಞರು ಪರಿಸರದ ಗುರಿಗಳನ್ನು ಮೂರು ಮೆಟ್ಟಿಲುಗಳಲ್ಲಿ ಜೋಡಿಸುತ್ತಾರೆ. 1990ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಈ ಕ್ರಮ ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಮನೆಗೆ ಸೊಪ್ಪು ತರುವ ಕೆಲಸವನ್ನೇ ತೆಗೆದುಕೊಳ್ಳಿ. ಬೀದಿಯ ತುದಿಯಲ್ಲೇ ತರಕಾರಿ ಅಂಗಡಿ ಇದ್ದರೆ ಗಾಡಿ ತೆಗೆಯುವ ಪ್ರಮೇಯವೇ ಇಲ್ಲ, ಇದು ‘ತಪ್ಪಿಸು’. ಪೇಟೆಗೇ ಹೋಗಬೇಕು, ಆದರೆ ಹತ್ತು ನಿಮಿಷಕ್ಕೊಂದು ಬಸ್ಸಿದೆ ಎಂದರೆ ಸ್ಕೂಟರ್ ಮನೆಯಲ್ಲೇ ಉಳಿಯುತ್ತದೆ, ಇದು ‘ಬದಲಿಸು’. ಎರಡೂ ಇಲ್ಲದೆ ಸ್ಕೂಟರೇ ಗತಿಯಾದರೆ ಅದು ಕಡಿಮೆ ಹೊಗೆಯದಾಗಿರಲಿ ಎನ್ನುವುದು ‘ಸುಧಾರಿಸು’.

ಕ್ರಮ ಮುಖ್ಯ. ಭಾರತ್ ಸ್ಟೇಜ್, ಎಥನಾಲ್, ವಿದ್ಯುತ್ ವಾಹನ ಎಲ್ಲವೂ ಮೂರನೆಯ ಮೆಟ್ಟಿಲಿಗೆ ಸೇರಿದವು. ಸುದ್ದಿಯಾಗುವುದು, ಹಣ ಹರಿಯುವುದು ಹೆಚ್ಚಾಗಿ ಅಲ್ಲಿಗೇ. ಮೊದಲೆರಡು ಮೆಟ್ಟಿಲುಗಳು ಊರನ್ನು ಕಟ್ಟುವ ಬಗೆಯನ್ನೇ ಕೇಳುತ್ತವೆ. ಅವು ನಿಧಾನದ ಕೆಲಸ, ಹೆಸರು ತಂದುಕೊಡದ ಕೆಲಸ.

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಎರಡನೆಯ ಮೆಟ್ಟಿಲನ್ನು ಸ್ಪಷ್ಟವಾಗಿ ಹೇಳಿತ್ತು: ರಸ್ತೆಯ ಜಾಗವನ್ನು ಹಂಚುವಾಗ ಲೆಕ್ಕಕ್ಕೆ ಬರಬೇಕಾದದ್ದು ಜನ, ವಾಹನವಲ್ಲ. ಇದರ ಅರ್ಥವನ್ನು ಒಂದು ಸಿಗ್ನಲ್ಲಿನಲ್ಲಿ ನಿಂತು ಎಣಿಸಬಹುದು. ಹನ್ನೆರಡು ಮೀಟರ್ ಉದ್ದದ ಒಂದು ಬಸ್ಸಿನಲ್ಲಿ ಐವತ್ತು ಜನ ಇದ್ದಾರೆ. ಅಷ್ಟೇ ಜನ ಕಾರಿಗೆ ಇಬ್ಬರಂತೆ ಹೊರಟರೆ 25 ಕಾರುಗಳು. ಒಂದರ ಹಿಂದೊಂದು ಒತ್ತಾಗಿ ನಿಂತರೂ ಸಾಲು 120 ಮೀಟರ್ ದಾಟುತ್ತದೆ. ಹಸಿರು ದೀಪ ಬಿದ್ದಾಗ ಬಸ್ಸು ಎರಡು ಕ್ಷಣದಲ್ಲಿ ದಾಟಿದರೆ ಆ ಸಾಲಿನ ಕೊನೆಯ ಕಾರು ಮತ್ತೆ ಕೆಂಪು ದೀಪಕ್ಕೆ ಸಿಕ್ಕಿಬೀಳಬಹುದು. ಆದರೂ ನಮ್ಮ ರಸ್ತೆಗಳಲ್ಲಿ ಐವತ್ತು ಜನರ ಬಸ್ಸು ಆ ಕಾರುಗಳ ಹಿಂದೆಯೇ ಕಾಯುತ್ತದೆ.

ಬಸ್ಸಿಗೆ ಪ್ರತ್ಯೇಕ ಪಥ ಕೊಡುವುದು ಇದಕ್ಕೆ ಮದ್ದು. ಹುಬ್ಬಳ್ಳಿ–ಧಾರವಾಡದ ನಡುವೆ 2018ರಿಂದ ‘ಚಿಗರಿ’ ಬಸ್ಸುಗಳು ಸುಮಾರು 22 ಕಿಲೋಮೀಟರಿನ ಮೀಸಲು ಹಾದಿಯಲ್ಲಿ ಓಡತೊಡಗಿದವು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ ಪಥ ಗುರುತಿಸಿದರು; ಮುಂದೆ ಮೆಟ್ರೊ ಕಾಮಗಾರಿಯ ನಡುವೆ ಅದು ಉಳಿಯಲಿಲ್ಲ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶುರುವಾದ ‘ಶಕ್ತಿ’ ಯೋಜನೆ ಮಹಿಳೆಯರಿಗೆ ಸರ್ಕಾರಿ ಬಸ್ಸನ್ನು ಉಚಿತಗೊಳಿಸಿತು. ಅದರ ಉದ್ದೇಶ ಸಾಮಾಜಿಕವಾದದ್ದು. ಆದರೂ ಜನರನ್ನು ಬಸ್ಸಿಗೆ ತರುವ ಯಾವ ಹೆಜ್ಜೆಯೂ, ಬಸ್ಸುಗಳ ಸಂಖ್ಯೆ ಅದಕ್ಕೆ ತಕ್ಕಂತೆ ಏರಿದರೆ, ಪರಿಸರದ ಲೆಕ್ಕಕ್ಕೂ ಜಮೆಯಾಗುತ್ತದೆ.

ವಿದ್ಯುತ್ ಗಾಡಿಯ ಹೊಗೆ ಎಲ್ಲಿದೆ?

‘ಹೊಗೆ ಇಲ್ಲಿ ಬರದಿದ್ದರೆ ರಾಯಚೂರಿನಲ್ಲಿ ಬರುತ್ತದೆ, ಅಷ್ಟೇ’ ಎಂಬ ಮಾತು, ಅಲ್ಲಿನ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವನ್ನು ನೆನೆದು, ಆಗಾಗ ಕೇಳುತ್ತದೆ. ಇದರಲ್ಲಿ ಅರ್ಧ ನಿಜವಿದೆ. ದೇಶದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲಿನಷ್ಟು ಈಗಲೂ ಕಲ್ಲಿದ್ದಲಿನದು.

ಉಳಿದರ್ಧವನ್ನೂ ನೋಡಬೇಕು. ಪೆಟ್ರೋಲ್ ಎಂಜಿನ್ ತನಗೆ ಹಾಕಿದ ಇಂಧನದ ಶಕ್ತಿಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗವನ್ನಷ್ಟೇ ಚಕ್ರ ತಿರುಗಿಸಲು ಬಳಸುತ್ತದೆ. ಮಿಕ್ಕದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಆಗಷ್ಟೇ ನಿಲ್ಲಿಸಿದ ಬೈಕಿನ ಸೈಲೆನ್ಸರ್ ಕಾಲಿಗೆ ತಾಕಿದವರಿಗೆ ಇದು ಗೊತ್ತು. ವಿದ್ಯುತ್ ಮೋಟಾರು ಶೇ 85ಕ್ಕೂ ಹೆಚ್ಚನ್ನು ಚಲನೆಗೆ ಬಳಸುತ್ತದೆ. ಹಾಗಾಗಿ ಕಲ್ಲಿದ್ದಲಿನ ವಿದ್ಯುತ್ತಿನ ಪಾಲು ದೊಡ್ಡದಿದ್ದರೂ ಸಣ್ಣ ವಿದ್ಯುತ್ ಸ್ಕೂಟರ್ ಸಾಮಾನ್ಯವಾಗಿ ಪೆಟ್ರೋಲ್ ಸ್ಕೂಟರಿಗಿಂತ ಕಡಿಮೆ ಇಂಗಾಲವನ್ನೇ ಹೊರಹಾಕಿಸುತ್ತದೆ. ಹೊಗೆ ಜನದಟ್ಟಣೆಯ ಬೀದಿಯಿಂದ ದೂರ ಸರಿಯುವುದು ಬೇರೆ ಲಾಭ.

ಚಾರ್ಜ್ ಮಾಡುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಮಧ್ಯಾಹ್ನ ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನ ಬಿಸಿಲನ್ನು ವಿದ್ಯುತ್ತಾಗಿಸುತ್ತಿರುತ್ತದೆ. ರಾತ್ರಿ ನಾವು ಮನೆಯಲ್ಲಿ ಗಾಡಿಗೆ ಪ್ಲಗ್ ಹಾಕುವಾಗ ಬಿಸಿಲಿಲ್ಲ. ಉಷ್ಣ ಸ್ಥಾವರ, ಜಲ ವಿದ್ಯುತ್, ಗಾಳಿಯ ಆಸರೆ ಬೇಕು. ಕಚೇರಿ, ಡಿಪೊ, ನಿಲ್ದಾಣಗಳಲ್ಲಿ ಹಗಲು ಚಾರ್ಜಿಂಗಿಗೆ ವ್ಯವಸ್ಥೆ ಮಾಡುವುದು ಸಾರಿಗೆ ನೀತಿಯೂ ಹೌದು, ಇಂಧನ ನೀತಿಯೂ ಹೌದು.

ಸಹಾಯಧನ ಯಾರಿಗೆ ಸಲ್ಲುತ್ತದೆ ಎಂಬುದರಿಂದ ನೀತಿಯ ಮನಸ್ಸು ತಿಳಿಯುತ್ತದೆ. ವಿದ್ಯುತ್ ವಾಹನಗಳಿಗೆ ನೆರವಾಗುವ 2015ರ ‘ಫೇಮ್’ ಯೋಜನೆ, 2019ರಲ್ಲಿ ₹10,000 ಕೋಟಿಯೊಂದಿಗೆ ಬಂದ ಅದರ ಎರಡನೇ ಹಂತ, 2024ರ ಅಕ್ಟೋಬರಿನಲ್ಲಿ ₹10,900 ಕೋಟಿಯೊಂದಿಗೆ ಶುರುವಾದ ‘ಪಿಎಂ ಇ–ಡ್ರೈವ್’ ಒಂದರ ನಂತರ ಒಂದು ಬಂದವು. ಕೊನೆಯದರಲ್ಲಿ ವಿದ್ಯುತ್ ಕಾರು ಕೊಳ್ಳುವವರಿಗೆ ಸಹಾಯಧನ ಇಲ್ಲ. ದ್ವಿಚಕ್ರ, ತ್ರಿಚಕ್ರ, ಲಾರಿ, ಆಂಬುಲೆನ್ಸ್ ಮತ್ತು ದೊಡ್ಡ ನಗರಗಳ 14,028 ಬಸ್ಸುಗಳಿಗೆ ಹಣ ಮೀಸಲು. ಕಾರಿಗೆ ಸಿಗುವುದು ಶೇ 5ರ ಕಡಿಮೆ ಜಿಎಸ್‌ಟಿಯ ಅನುಕೂಲ. ಸೀಮಿತ ಹಣವನ್ನು ಹೆಚ್ಚು ಜನ ಬಳಸುವ ವಾಹನಕ್ಕೆ ತಿರುಗಿಸಿದ್ದು ಸರಿಯಾದ ದಿಕ್ಕು ಎಂದೇ ನನ್ನ ಭಾವನೆ. ಒಂದು ಬಸ್ಸು ದಿನಕ್ಕೆ ಇನ್ನೂರು ಕಿಲೋಮೀಟರ್ ಓಡುತ್ತದೆ. ಬಹುಪಾಲು ಖಾಸಗಿ ಕಾರುಗಳು ದಿನದ ಹೆಚ್ಚಿನ ಹೊತ್ತು ನಿಂತೇ ಇರುತ್ತವೆ.

ಎಥನಾಲ್: ಒಂದು ಗುರಿ ಇನ್ನೊಂದನ್ನು ಎಳೆದಾಗ

ಈಗ ಬಂಕಿನ ಚೀಟಿಗೆ ಬರೋಣ. 2013–14ರಲ್ಲಿ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇ 1.5ರಷ್ಟು ಇತ್ತು. 2022ರ ಜೂನಿನಲ್ಲಿ ಶೇ 10 ತಲುಪಿತು. ಶೇ 20ರ ಗುರಿ ಮೊದಲು 2030ಕ್ಕೆ ಇತ್ತು. ಅದನ್ನು ಮುಂದಕ್ಕೆ ಎಳೆದು 2025ರಲ್ಲೇ ಮುಟ್ಟಲಾಯಿತು.

ಇದರ ಹಿಂದಿನ ತರ್ಕ ಸರಳ. ಕಬ್ಬು ಅಥವಾ ಮೆಕ್ಕೆಜೋಳ ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವೇ ಎಥನಾಲ್ ಉರಿದಾಗ ವಾಪಸು ಹೋಗುತ್ತದೆ. ನೆಲದಾಳದ ತೈಲದಿಂದ ಹೊಸ ಇಂಗಾಲ ಬರುವುದಿಲ್ಲ. ಆಮದಿನ ಖರ್ಚು ಉಳಿಯುತ್ತದೆ, ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬಿಗೆ ಇನ್ನೊಂದು ಮಾರುಕಟ್ಟೆ ಸಿಗುತ್ತದೆ. ಆದರೆ ಗೊಬ್ಬರ, ಪಂಪ್‌ಸೆಟ್, ಡಿಸ್ಟಿಲರಿಯ ಬಾಯ್ಲರ್ ಇವುಗಳ ಹೊಗೆಯನ್ನೂ ಕೂಡಿಸಬೇಕು. ಕಬ್ಬು ನೀರು ಕುಡಿಯುವ ಬೆಳೆ. ಬರಗಾಲದ ವರ್ಷದಲ್ಲಿ ಕಾಲುವೆಯ ನೀರು ಗಾಡಿಯ ಟ್ಯಾಂಕಿಗೋ ಊರಿನ ನಲ್ಲಿಗೋ ಎಂಬ ಪ್ರಶ್ನೆ ಏಳುತ್ತದೆ. ಹೊಗೆಯ ಗುರಿಯೊಂದು ನೀರಿನ ಗುರಿಗೆ ತಾಗುವುದು ಹೀಗೆ.

ಮೈಲೇಜಿನ ದೂರಿಗೂ ಆಧಾರವಿದೆ. ಲೀಟರ್ ಲೆಕ್ಕದಲ್ಲಿ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಎಥನಾಲಿಗೆಂದೇ ರೂಪಿಸದ ಹಳೆಯ ಕಾರುಗಳಲ್ಲಿ ಇ20ರಿಂದ ಶೇ 6–7ರಷ್ಟು, ದ್ವಿಚಕ್ರಗಳಲ್ಲಿ ಶೇ 3–4ರಷ್ಟು ದಕ್ಷತೆ ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಇ20ಗೆ ಹೊಂದಿಸಿದ ಹೊಸ ವಾಹನಗಳಲ್ಲಿ ಈ ಇಳಿಕೆ ಅಲ್ಪ.

ಸುರತ್ಕಲ್ಲಿನಲ್ಲಿ ರೈಲೇರುವ ಲಾರಿಗಳು

ಸಾರಿಗೆ ಎಂದೊಡನೆ ನಾವು ಪ್ರಯಾಣಿಕರನ್ನು ನೆನೆಯುತ್ತೇವೆ. ಆದರೆ ಅಕ್ಕಿ, ಸಿಮೆಂಟು, ಉಕ್ಕು, ಈರುಳ್ಳಿ ಹೊತ್ತ ಲಾರಿಗಳು ಕುಡಿಯುವ ಡೀಸೆಲ್ ಅಪಾರ. ಸ್ವಾತಂತ್ರ್ಯದ ಹೊಸತರಲ್ಲಿ ದೇಶದ ಸರಕಿನ ಶೇ 80ಕ್ಕೂ ಹೆಚ್ಚು ಪಾಲು ರೈಲಿನಲ್ಲಿ ಹೋಗುತ್ತಿತ್ತು. ಅದು ಶೇ 27ರ ಆಸುಪಾಸಿಗೆ ಇಳಿದಿದೆ. 2030ಕ್ಕೆ ಶೇ 45ಕ್ಕೆ ಮರಳಿಸಬೇಕು ಎನ್ನುವುದು ರಾಷ್ಟ್ರೀಯ ರೈಲು ಯೋಜನೆಯ ಗುರಿ.

ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಜಾರುವಂತೆ ಉರುಳುತ್ತದೆ. ಡಾಂಬರಿನ ಮೇಲೆ ರಬ್ಬರ್ ಟೈರು ಪ್ರತಿ ಸುತ್ತಿನಲ್ಲೂ ಚಪ್ಪಟೆಯಾಗಿ ಮತ್ತೆ ಉಬ್ಬಬೇಕು. ಈ ಒಂದು ಭೇದದಿಂದಲೇ ಅಷ್ಟೇ ಭಾರವನ್ನು ಅಷ್ಟೇ ದೂರ ಸಾಗಿಸಲು ರೈಲಿಗೆ ಕೆಲವು ಪಟ್ಟು ಕಡಿಮೆ ಶಕ್ತಿ ಸಾಕು. ಹಾಗಿದ್ದೂ ಲಾರಿ ಗೆದ್ದದ್ದು ಏಕೆ? ಲಾರಿ ಗೋದಾಮಿನ ಬಾಗಿಲಿನಿಂದ ಅಂಗಡಿಯ ಬಾಗಿಲಿಗೆ ಹೋಗುತ್ತದೆ. ರೈಲಿಗಾದರೆ ಎರಡೂ ತುದಿಯಲ್ಲಿ ಇಳಿಸಿ ಏರಿಸುವ ಕೂಲಿ. ಪ್ರಯಾಣಿಕರ ದರ ಏರಿಸದಿರಲು ಸರಕಿನ ದರವನ್ನು ಹೆಚ್ಚಿಟ್ಟದ್ದು ಇನ್ನೊಂದು ಕಾರಣ. ಒಂದೇ ಹಳಿಯಲ್ಲಿ ಪ್ರಯಾಣಿಕರ ರೈಲಿಗೆ ದಾರಿ ಬಿಟ್ಟು ಸರಕಿನ ರೈಲು ಗಂಟೆಗಟ್ಟಲೆ ನಿಲ್ಲುವುದು ಮತ್ತೊಂದು. ಪಂಜಾಬಿನ ಲುಧಿಯಾನಾದಿಂದ ಬಿಹಾರದ ಸೋನ್‌ನಗರಕ್ಕೆ, ದೆಹಲಿ ಬಳಿಯ ದಾದ್ರಿಯಿಂದ ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿಗೆ ಸರಕಿಗೆಂದೇ ಪ್ರತ್ಯೇಕ ಹಳಿ ಹಾಕಲು ಹೊರಟದ್ದು ಈ ಕೊನೆಯ ತೊಡಕನ್ನು ಬಿಡಿಸಲು.

ಏರಿಸಿ ಇಳಿಸುವ ತೊಡಕಿಗೆ ಕೊಂಕಣ ರೈಲ್ವೆ ಕಂಡುಕೊಂಡ ಉಪಾಯ ನಮ್ಮ ಕರಾವಳಿಯವರಿಗೆ ಪರಿಚಿತ. ಸರಕನ್ನು ಮುಟ್ಟುವುದೇ ಬೇಡ, ಲಾರಿಯನ್ನೇ ರೈಲಿಗೆ ಏರಿಸಿದರಾಯಿತು. ರೋ–ರೋ ಎಂದು ಕರೆಯುವ ಈ ಸೇವೆ 1999ರ ಜನವರಿಯಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಶುರುವಾಯಿತು, 2004ರಲ್ಲಿ ಸುರತ್ಕಲ್ಲಿಗೂ ಬಂತು. ಎತ್ತರದ ಮಿತಿಯೊಳಗಿರುವ ಲಾರಿಗಳು ಇಳಿಜಾರು ದಿಬ್ಬದ ಮೂಲಕ ಚಪ್ಪಟೆ ಬೋಗಿಗಳ ಮೇಲೆ ಒಂದರ ಹಿಂದೊಂದು ಏರಿ ನಿಲ್ಲುತ್ತವೆ. ಚಾಲಕ, ಕ್ಲೀನರ್ ತಮ್ಮ ಕ್ಯಾಬಿನ್ನಿನಲ್ಲೇ ಕುಳಿತು ಹೋಗುತ್ತಾರೆ. ಘಾಟಿಯ ತಿರುವುಗಳಲ್ಲಿ ನಿದ್ದೆಗೆಟ್ಟು ಓಡಿಸಬೇಕಾದ ದೂರವನ್ನು ಎಂಜಿನ್ ಆರಿಸಿ ಮಲಗಿಯೇ ಕಳೆಯಬಹುದು. 2022ರಲ್ಲಿ ಕೊಂಕಣ ಮಾರ್ಗದ ವಿದ್ಯುದೀಕರಣ ಮುಗಿದದ್ದರಿಂದ ಆ ಲಾರಿಗಳನ್ನು ಎಳೆಯಲು ಡೀಸೆಲ್ ಬೇಕೇ ಬೇಕೆಂಬ ಸ್ಥಿತಿಯೂ ಹೋಯಿತು.

ಒಂದುಗೂಡಿಸುವುದು ಏಕೆ ಕಷ್ಟ?

ಭಾರತದಲ್ಲಿ ‘ಸಾರಿಗೆ ಸಚಿವಾಲಯ’ ಎಂಬ ಒಂದೇ ಮನೆ ಇಲ್ಲ. ರಸ್ತೆ, ರೈಲು, ಬಂದರು, ವಿಮಾನಗಳಿಗೆ ನಾಲ್ಕು ಸಚಿವಾಲಯಗಳು. ಮೆಟ್ರೊ ನಗರಾಭಿವೃದ್ಧಿಗೆ ಸೇರಿದ್ದು. ಸಂವಿಧಾನದ ಹಂಚಿಕೆಯಲ್ಲಿ ರೈಲು ಮತ್ತು ರಾಷ್ಟ್ರೀಯ ಹೆದ್ದಾರಿ ಕೇಂದ್ರಕ್ಕೆ, ಉಳಿದ ರಸ್ತೆಗಳು ರಾಜ್ಯಕ್ಕೆ, ಮೋಟಾರು ವಾಹನ ಇಬ್ಬರಿಗೂ. ರಾಕೇಶ್ ಮೋಹನ್ ಅಧ್ಯಕ್ಷತೆಯ ರಾಷ್ಟ್ರೀಯ ಸಾರಿಗೆ ಅಭಿವೃದ್ಧಿ ನೀತಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಇಡೀ ಸಾರಿಗೆಯನ್ನು ಒಂದಾಗಿ ನೋಡಬೇಕೆಂದು ಒತ್ತಿ ಹೇಳಲಾಗಿತ್ತು. ಹಣದ ಮೂಲಕ ಇದನ್ನು ಸ್ವಲ್ಪ ಮಟ್ಟಿಗೆ ಸಾಧಿಸಬಹುದು. 2017ರ ಮೆಟ್ರೊ ನೀತಿಯ ಪ್ರಕಾರ ಕೇಂದ್ರದ ನೆರವು ಬೇಕಾದ ನಗರ ಮೊದಲು ಬಸ್, ಟ್ರ್ಯಾಮ್ ಮುಂತಾದ ಬೇರೆ ದಾರಿಗಳನ್ನು ಹೋಲಿಸಿ ತೋರಿಸಬೇಕು, ನಿಲ್ದಾಣದ ಸುತ್ತ ಐದು ಕಿಲೋಮೀಟರ್ ಜನ ಹೇಗೆ ಬಂದು ಸೇರುತ್ತಾರೆ ಎಂಬುದನ್ನೂ ಯೋಜಿಸಬೇಕು.

ಇನ್ನೂ ಆಳದ ತೊಡಕು, ಪರಿಸರದ ಎದುರು ಪರಿಸರವೇ ನಿಲ್ಲುವುದು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವನ್ನೇ ನೋಡಿ. ರೈಲು ಬಂದರೆ ಘಾಟಿಯ ಲಾರಿಗಳು ಕಡಿಮೆಯಾಗಿ ಡೀಸೆಲ್ ಉಳಿಯುತ್ತದೆ. ಆದರೆ ಹಳಿ ಹಾಯಬೇಕಾದದ್ದು ಪಶ್ಚಿಮ ಘಟ್ಟದ ದಟ್ಟ ಕಾಡನ್ನು. 1990ರ ದಶಕದ ಕೊನೆಯಲ್ಲಿ ಒಪ್ಪಿಗೆ ಪಡೆದ ಮಾರ್ಗ ಅರಣ್ಯದ ಅನುಮತಿಗಾಗಿ ದಶಕಗಳ ಕಾಲ ಎಡತಾಕಿತು. ಬಂಡೀಪುರದಲ್ಲಿ ಸಂಗತಿ ಇನ್ನಷ್ಟು ನೇರ: ಗುಂಡ್ಲುಪೇಟೆಯಿಂದ ಕೇರಳದ ಕಡೆಗೆ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ಸಂಚಾರವಿಲ್ಲ. ವಾಹನದ ಹೊಗೆ ಶೂನ್ಯವಾದರೂ ಕತ್ತಲಲ್ಲಿ ರಸ್ತೆ ದಾಟುವ ಜಿಂಕೆಗೆ ಗಾಡಿ ಗಾಡಿಯೇ.

ಇಂಥ ಪ್ರಶ್ನೆಗಳನ್ನು ಯಾವ ಹಂತದಲ್ಲಿ ಕೇಳುತ್ತೇವೆ ಎನ್ನುವುದೇ ಮುಖ್ಯ. ನಮ್ಮ 2006ರ ಪರಿಸರ ಪರಿಣಾಮ ಅಧಿಸೂಚನೆ ಒಂದೊಂದು ಯೋಜನೆಯನ್ನು ಬಿಡಿಬಿಡಿಯಾಗಿ ನೋಡುತ್ತದೆ. ಮಾರ್ಗ ನಿರ್ಧಾರವಾಗಿ ನಕ್ಷೆ ಸಿದ್ಧವಾದ ಮೇಲೆ ಬರುವ ಪರಿಶೀಲನೆ ಅದು. ಮನೆಗೆ ಪಾಯ ತೆಗೆದ ಮೇಲೆ ವಾಸ್ತು ಕೇಳಿದಂತೆ. ಉತ್ತರಾಖಂಡದ ಚಾರ್‌ಧಾಮ್ ಹೆದ್ದಾರಿ ಒಟ್ಟು ಸುಮಾರು 900 ಕಿಲೋಮೀಟರಿನದು. ಅದನ್ನು 53 ಕಾಮಗಾರಿಗಳಾಗಿ ವಿಂಗಡಿಸಲಾಯಿತು. ನೂರು ಕಿಲೋಮೀಟರಿಗಿಂತ ಕಡಿಮೆ ಇರುವ ಹೆದ್ದಾರಿ ವಿಸ್ತರಣೆಗೆ ಪರಿಸರ ಅನುಮತಿ ಬೇಕಿಲ್ಲವಾದ್ದರಿಂದ ಇಡೀ ಹಿಮಾಲಯದ ಇಳಿಜಾರಿನ ಮೇಲೆ ಒಟ್ಟು ಪರಿಣಾಮ ಏನು ಎಂಬ ಪರಿಶೀಲನೆ ಮೊದಲಿಗೆ ನಡೆಯಲೇ ಇಲ್ಲ. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಯುರೋಪ್ ಒಕ್ಕೂಟ 2001ರಲ್ಲಿ ಇದಕ್ಕೆ ಬೇರೆ ಹಾದಿ ಹಿಡಿಯಿತು. ಅಲ್ಲಿ ಒಂದು ಸೇತುವೆ ಅಥವಾ ರಸ್ತೆಗೆ ಮಾತ್ರವಲ್ಲ, ಅವು ಹುಟ್ಟುವ ಮೂಲ ಸಾರಿಗೆ ಯೋಜನೆಗೇ ಪರಿಸರ ಮೌಲ್ಯಮಾಪನ ಕಡ್ಡಾಯ. ಈ ಎರಡು ಊರುಗಳ ನಡುವೆ ಬೇಕಾದದ್ದು ಅಗಲವಾದ ರಸ್ತೆಯೋ, ಜೋಡಿ ಹಳಿಯೋ, ಇರುವ ರೈಲಿಗೇ ಇನ್ನೆರಡು ಹೊತ್ತಿನ ಓಡಾಟವೋ ಎಂದು ನಕ್ಷೆಯ ಮೇಲೆ ಗೆರೆ ಎಳೆಯುವ ಮುಂಚೆ, ಜನರ ಅಭಿಪ್ರಾಯವನ್ನೂ ಕೇಳಿ, ಹೋಲಿಸಿ ನೋಡಬೇಕು. ಭಾರತದಲ್ಲಿ ರಾಷ್ಟ್ರಮಟ್ಟದ ಸಾರಿಗೆ ಯೋಜನೆಗಳಿಗೆ ಅಂಥ ಕಡ್ಡಾಯ ಕಾನೂನು ಇನ್ನೂ ಬಂದಿಲ್ಲ.